ನೆಲನೆಲ್ಲಿಯ ಮೇಲೆ ಭಾರ ಹಾಕಿ ಕುಡಿಯುವವರಿಗೆ

ಊರಿಂದ ಯಾರಾದರೂ ಜರ್ಮನಿಗೆ ಬರ್ತಿದ್ದಾರೆ ಅಂತ ಗೊತ್ತಾದ ಕೂಡಲೇ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪಟ್ಟಿ ಶುರುವಾಗುತ್ತದೆ. ವಾಂಗಿಬಾತ್ ಪುಡಿ, ಶೇಂಗಾ ಚಟ್ನಿ, ಮಾವಿನಕಾಯಿ ಉಪ್ಪಿನಕಾಯಿ, ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್. ಈಚೆಗೆ ಆ ಪಟ್ಟಿಗೆ ಇನ್ನೊಂದು ಐಟಂ ಸೇರಿಕೊಂಡಿದೆ: ಲಿವರ್ ಮಾತ್ರೆ. ನೆಲನೆಲ್ಲಿ, ಪುನರ್ನವ, ಕಟುಕರೋಹಿಣಿ, ಅಮೃತಬಳ್ಳಿ ಸೇರಿಸಿ ಮಾಡಿದ ಯಾವುದೋ ಒಂದು ಡಬ್ಬಿ. ಊರಿಂದ ತರಿಸೋಕೆ ಆಗದವರಿಗೆ ಇಲ್ಲೇ ಡ್ರೊಗೆರಿಯಲ್ಲಿ ಮಾರೀನ್‌ಡಿಸ್ಟೆಲ್ ಕ್ಯಾಪ್ಸೂಲ್ ಸಿಗುತ್ತೆ. ಶುಕ್ರವಾರ ಸಂಜೆ ಬಿಯರ್‌ಗೆ ಮುಂಚೆ ಎರಡು, ಶನಿವಾರ ಬೆಳಗ್ಗೆ ಎರಡು. "ಎಣ್ಣೆ ಹೊಡೆದರೂ ಲಿವರ್ ಸೇಫ್ ಮಗಾ" ಅನ್ನೋ ಧೈರ್ಯ.

ಈ ಧೈರ್ಯದ ಬಗ್ಗೆಯೇ ನನ್ನ ತಕರಾರು. ಗಿಡಮೂಲಿಕೆಗಳ ಬಗ್ಗೆ ಅಲ್ಲ. ಪ್ರಯೋಗಾಲಯದಲ್ಲಿ ಆ ಗಿಡಗಳು ಮಾಡಿ ತೋರಿಸಿರುವುದು ಸುಳ್ಳಲ್ಲ, ಅದನ್ನು ಮುಂದೆ ವಿವರವಾಗಿ ಹೇಳ್ತೀನಿ. ಆದರೆ ಇಲಿಯ ಮೇಲೆ ಬಂದ ಫಲಿತಾಂಶವನ್ನು ನಮ್ಮ ಶುಕ್ರವಾರದ ಸಂಜೆಗೆ ಇನ್ಶೂರೆನ್ಸ್ ಪಾಲಿಸಿ ಥರ ಬಳಸುವುದು ತಪ್ಪು, ಅಪಾಯ ಕೂಡ. ನಾನು ಡಾಕ್ಟರ್ ಅಲ್ಲ. ಬಯೋಟೆಕ್ನಾಲಜಿಯಲ್ಲಿ ಬಿಇ ಮಾಡಿ, ಈಗ ಇಲ್ಲಿ ಮಾಸ್ಟರ್ಸ್ ಮಾಡ್ತಿರೋ ಇಂಜಿನಿಯರ್. ಹಾಗಾಗಿ ಇಂಜಿನಿಯರ್‌ಗೆ ಬರುವ ಕೆಲಸವನ್ನೇ ಮಾಡ್ತೀನಿ: ಲೆಕ್ಕ ಹಾಕೋದು, ಮತ್ತೆ ಯಾವ ಹೆಜ್ಜೆಯಲ್ಲಿ ಲೆಕ್ಕ ತಪ್ಪುತ್ತೆ ಅಂತ ನೋಡೋದು.

ಲಿವರಿನ ಲೆಕ್ಕ

ಅರ್ಧ ಲೀಟರ್ ಬಿಯರ್ ತಗೊಳ್ಳಿ, ಶೇಕಡಾ 5 ಆಲ್ಕೋಹಾಲ್. 500 ಮಿ.ಲೀ.ನಲ್ಲಿ 25 ಮಿ.ಲೀ. ಎಥನಾಲ್. ಅದರ ಸಾಂದ್ರತೆ 0.79, ಅಂದರೆ ಸುಮಾರು 20 ಗ್ರಾಂ. ಅಕ್ಟೋಬರ್‌ಫೆಸ್ಟ್‌ನ ಒಂದು ಲೀಟರ್ ಮಗ್ಗಿನಲ್ಲಿ ಬಿಯರ್ ಸ್ವಲ್ಪ ಗಟ್ಟಿ, ಸುಮಾರು ಶೇಕಡಾ 6. ಅಲ್ಲಿಗೆ ಒಂದೇ ಮಗ್ಗಿಗೆ 47 ಗ್ರಾಂ. ಸಾಮಾನ್ಯ ಆರೋಗ್ಯವಂತರ ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲ್ ಅನ್ನು ಒಡೆಯಬಲ್ಲದು. ನಾಲ್ಕು ಅರ್ಧ ಲೀಟರ್ ಕುಡಿದರೆ 80 ಗ್ರಾಂ, ಅಂದರೆ ಎಂಟರಿಂದ ಹನ್ನೊಂದು ಗಂಟೆ ಕೆಲಸ. ನಾವು ಮಲಗಿದ್ದರೂ ಅದು ನೈಟ್ ಶಿಫ್ಟ್. ಈ ವೇಗವನ್ನು ನಿಂಬೆರಸ, ಮಜ್ಜಿಗೆ, ಕಾಫಿ, ತಣ್ಣೀರು ಸ್ನಾನ ಯಾವುದೂ ಹೆಚ್ಚಿಸಲ್ಲ.

ಆ ಶಿಫ್ಟಿನಲ್ಲಿ ಏನಾಗುತ್ತೆ? ಮೊದಲು ಎಥನಾಲ್ ಅಸಿಟಾಲ್ಡಿಹೈಡ್ ಆಗುತ್ತೆ, ಆಮೇಲೆ ಅಸಿಟೇಟ್. ಅಸಿಟೇಟ್ ನಿರುಪದ್ರವಿ. ಮಧ್ಯದ ಅಸಿಟಾಲ್ಡಿಹೈಡ್ ವಿಷ. ಅದು ಪ್ರೋಟೀನಿಗೂ ಡಿಎನ್ಎಗೂ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತದೆ. ಕುಡಿತ ಜಾಸ್ತಿಯಾದಾಗ, ಅದರಲ್ಲೂ ದಿನಾ ಕುಡಿಯುವವರಲ್ಲಿ, ಎರಡನೇ ದಾರಿಯೊಂದು ತೆರೆದುಕೊಳ್ಳುತ್ತೆ. ಸಿ.ವೈ.ಪಿ. 2ಇ1 ಅನ್ನೋ ಕಿಣ್ವದ ದಾರಿ. ಇದು ಆಲ್ಕೋಹಾಲನ್ನು ಒಡೆಯುವಾಗ ಫ್ರೀ ರ್‍ಯಾಡಿಕಲ್‌ಗಳನ್ನು ಕಿಡಿಯಂತೆ ಉಗುಳುತ್ತದೆ. ಅವನ್ನು ಆರಿಸೋಕೆ ಜೀವಕೋಶದಲ್ಲಿ ಇರುವ ನೀರಿನ ಬಕೆಟ್ಟೇ ಗ್ಲುಟಥಯೋನ್. ಬಕೆಟ್ ಖಾಲಿಯಾದರೆ ಕೋಶದ ಪೊರೆಗೇ ಬೆಂಕಿ. ಇದರ ಜೊತೆಗೆ ಆಲ್ಕೋಹಾಲ್ ಕರುಳಿನ ಗೋಡೆಯನ್ನು ಸಡಿಲ ಮಾಡುತ್ತೆ, ಅಲ್ಲಿನ ಬ್ಯಾಕ್ಟೀರಿಯಾದ ಚೂರುಗಳು ನೇರ ಲಿವರಿಗೆ ಬರುತ್ತವೆ, ಅಲ್ಲಿ ಉರಿಯೂತ ಶುರುವಾಗುತ್ತೆ.

ಇದು ವರ್ಷಗಟ್ಟಲೆ ನಡೆದರೆ ಮೂರು ಹಂತ. ಮೊದಲು ಕೊಬ್ಬು ತುಂಬುವುದು, ಅಂದರೆ ಫ್ಯಾಟಿ ಲಿವರ್. ವಿಪರೀತ ಕುಡಿಯುವವರಲ್ಲಿ ಬಹುತೇಕ ಎಲ್ಲರಿಗೂ ಬರುತ್ತೆ. ಆಮೇಲೆ ಕೆಲವರಿಗೆ ಹೆಪಟೈಟಿಸ್. ಕೊನೆಗೆ ಇನ್ನೂ ಕೆಲವರಿಗೆ ಸಿರೋಸಿಸ್, ಅಂದರೆ ಲಿವರ್ ತುಂಬ ಗಾಯದ ಕಲೆ. ಮೊದಲನೇ ಹಂತದಲ್ಲಿ ನೋವಿಲ್ಲ, ಸೂಚನೆಯಿಲ್ಲ. ಕುಡಿಯೋದು ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಆ ಕೊಬ್ಬು ಕರಗುತ್ತೆ. ಕೊನೇ ಹಂತದಿಂದ ಪೂರ್ತಿ ವಾಪಸ್ ಬರೋಕೆ ದಾರಿಯಿಲ್ಲ.

ಗಿಡ ಏನು ಮಾಡುತ್ತೆ?

ಕಿಡಿ, ಬಕೆಟ್, ಬೆಂಕಿ ಅನ್ನೋ ಈ ಕತೆ ಕೇಳಿದರೆ ಗಿಡಮೂಲಿಕೆ ಯಾಕೆ ನೆನಪಾಗುತ್ತೆ ಅಂತ ಅರ್ಥವಾಗುತ್ತೆ. ಗಿಡಗಳ ತುಂಬ ಪಾಲಿಫಿನಾಲ್, ಫ್ಲೇವನಾಯ್ಡ್‌ಗಳಿವೆ. ಅವು ಫ್ರೀ ರ್‍ಯಾಡಿಕಲ್‌ಗಳನ್ನು ಹಿಡಿದು ಸುಮ್ಮನಾಗಿಸುತ್ತವೆ. ನೆಲನೆಲ್ಲಿ, ನೆಲಬೇವು, ಗರಗ, ಪುನರ್ನವ, ಅರಿಶಿನ, ನೆಲ್ಲಿಕಾಯಿ, ಕಟುಕರೋಹಿಣಿ, ಹೀಗೆ ಹೇಳ್ತಾ ಹೋದರೆ ನಮ್ಮ ಅಜ್ಜಿಯಂದಿರು ಬಳಸಿದ ಗಿಡಗಳಲ್ಲಿ ಇಲಿಯ ಮೇಲೆ ಪರೀಕ್ಷೆಯಾಗದೆ ಉಳಿದದ್ದು ಕಡಿಮೆ.

ಪರೀಕ್ಷೆಯ ವಿನ್ಯಾಸ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಬಿಳಿ ಇಲಿಗಳ ನಾಲ್ಕೈದು ಗುಂಪು. ಒಂದು ಗುಂಪಿಗೆ ನೀರು. ಇನ್ನೊಂದಕ್ಕೆ ಆಲ್ಕೋಹಾಲ್. ಮತ್ತೆರಡಕ್ಕೆ ಆಲ್ಕೋಹಾಲ್ ಜೊತೆಗೆ ಗಿಡದ ಸಾರ, ಕಡಿಮೆ ಡೋಸ್ ಮತ್ತೆ ಹೆಚ್ಚು ಡೋಸ್. ಕೊನೇ ಗುಂಪಿಗೆ ಆಲ್ಕೋಹಾಲ್ ಜೊತೆಗೆ ಸಿಲಿಮರಿನ್, ಅದೇ ಮಾರೀನ್‌ಡಿಸ್ಟೆಲ್ ಬೀಜದ ಸಾರ. ಕೆಲವು ವಾರ ಬಿಟ್ಟು ರಕ್ತ ತೆಗೆದು ಎಸ್‌ಜಿಪಿಟಿ, ಎಸ್‌ಜಿಒಟಿ ನೋಡ್ತಾರೆ, ಲಿವರ್ ಕತ್ತರಿಸಿ ಗ್ಲುಟಥಯೋನ್ ಅಳೀತಾರೆ. ಗಿಡದ ಸಾರ ಕುಡಿದ ಇಲಿಯ ಲಿವರ್ ಚೆನ್ನಾಗಿರುತ್ತೆ. ಇಂಥ ಪೇಪರ್‌ಗಳು ನೂರಾರು ಇವೆ.

ಗಿಡಕ್ಕೆ ನಿಜವಾದ ಶಕ್ತಿ ಇರೋದಕ್ಕೆ ಯುರೋಪಿನಲ್ಲೇ ಒಳ್ಳೇ ಉದಾಹರಣೆ ಇದೆ. ಇಲ್ಲಿನ ಕಾಡಿನಲ್ಲಿ ಶರತ್ಕಾಲದಲ್ಲಿ ಅಣಬೆ ಆರಿಸೋಕೆ ಹೋದವರು ಕೆಲವೊಮ್ಮೆ ಡೆತ್ ಕ್ಯಾಪ್ ಅನ್ನೋ ವಿಷದ ಅಣಬೆ ತಿಂದುಬಿಡ್ತಾರೆ. ಅದು ಲಿವರನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಅಂಥವರಿಗೆ ಇಲ್ಲಿನ ಆಸ್ಪತ್ರೆಗಳಲ್ಲಿ ಮಾರೀನ್‌ಡಿಸ್ಟೆಲ್‌ನಿಂದ ತೆಗೆದ ಸಿಲಿಬಿನಿನ್ ಅನ್ನು ಡ್ರಿಪ್ ಮೂಲಕ ಕೊಡ್ತಾರೆ. ಲಿವರಿನ ಕೋಶದೊಳಗೆ ಆ ವಿಷ ಹೋಗುವ ಬಾಗಿಲನ್ನೇ ಅದು ಮುಚ್ಚುತ್ತದೆ. ಒಂದು ಮುಳ್ಳುಗಿಡದ ಬೀಜ, ಒಂದು ನಿರ್ದಿಷ್ಟ ಅಣು, ಒಂದು ನಿರ್ದಿಷ್ಟ ವಿಷ, ರಕ್ತಕ್ಕೆ ನೇರ ಹೋಗುವ ನಿರ್ದಿಷ್ಟ ಡೋಸ್. ಇದಕ್ಕೆ ನಾನು ಕೈ ಮುಗೀತೀನಿ. ಆದರೆ ಆಲ್ಕೋಹಾಲಿಗೆ ಹಾಗೆ ಮುಚ್ಚೋಕೆ ಬಾಗಿಲೇ ಇಲ್ಲ. ಅದು ಪುಟ್ಟ ಅಣು, ಯಾವ ಪೊರೆಯನ್ನಾದರೂ ದಾಟಿಕೊಂಡು ಹೋಗುತ್ತೆ.

ಲೆಕ್ಕ ತಪ್ಪುವ ಹೆಜ್ಜೆಗಳು

ಒಂದನೇದು ಸಮಯ. ಬಹಳಷ್ಟು ಪ್ರಯೋಗಗಳಲ್ಲಿ ಇಲಿಗೆ ಗಿಡದ ಸಾರವನ್ನು ಆಲ್ಕೋಹಾಲಿಗೆ ಮುಂಚೆಯೋ ಜೊತೆಯಲ್ಲೋ ಕೊಡ್ತಾರೆ. ಮನುಷ್ಯರಿಗೆ ಔಷಧಿ ನೆನಪಾಗೋದು ಹತ್ತು ವರ್ಷ ಕುಡಿದ ಮೇಲೆ.

ಎರಡನೇದು ಇಲಿ. ಇಲಿಗೆ ಆಲ್ಕೋಹಾಲ್ ಇಷ್ಟವೇ ಇಲ್ಲ. ದ್ರವಾಹಾರದಲ್ಲಿ ಬೆರೆಸಿಯೋ ಕೊಳವೆ ಹಾಕಿಯೋ ಕುಡಿಸಬೇಕು. ಹಾಗೆ ಕುಡಿಸಿದರೂ ಸಾಮಾನ್ಯವಾಗಿ ಅದರ ಲಿವರ್ ಕೊಬ್ಬಿನ ಹಂತ ದಾಟಿ ಸಿರೋಸಿಸ್‌ವರೆಗೆ ಹೋಗಲ್ಲ. ಅಂದರೆ ಯಾವ ಕಾಯಿಲೆ ನಮ್ಮನ್ನು ಕೊಲ್ಲುತ್ತೋ ಆ ಕಾಯಿಲೆ ಆ ಪ್ರಯೋಗದಲ್ಲಿ ಇರಲೇ ಇಲ್ಲ.

ಮೂರನೇದು ಡೋಸ್. ಪೇಪರ್‌ಗಳಲ್ಲಿ ಸಾಮಾನ್ಯವಾಗಿ ಕಾಣೋ ಹೆಚ್ಚಿನ ಡೋಸ್ ಒಂದು ಕೆ.ಜಿ. ತೂಕಕ್ಕೆ 400 ಮಿ.ಗ್ರಾಂ. ಇಲಿಯ ಡೋಸನ್ನು ಮನುಷ್ಯರಿಗೆ ತಿರುಗಿಸೋಕೆ ದೇಹದ ಮೇಲ್ಮೈ ಲೆಕ್ಕದ ಒಂದು ಸೂತ್ರ ಇದೆ: 6ರಿಂದ ಗುಣಿಸಿ 37ರಿಂದ ಭಾಗಿಸಿ. ಬರೋದು ಕೆ.ಜಿ.ಗೆ ಸುಮಾರು 65 ಮಿ.ಗ್ರಾಂ. 65 ಕೆ.ಜಿ. ತೂಕದ ನಮ್ಮಂಥವರಿಗೆ ದಿನಕ್ಕೆ 4.2 ಗ್ರಾಂ ಒಣ ಸಾರ. 100 ಗ್ರಾಂ ಒಣ ಎಲೆಯಿಂದ 10 ಗ್ರಾಂ ಸಾರ ಸಿಗುತ್ತೆ ಅಂತ ಇಟ್ಟುಕೊಂಡರೂ ದಿನಕ್ಕೆ 42 ಗ್ರಾಂ ಎಲೆಪುಡಿ ಆಯ್ತು. ನಾವು ನುಂಗೋ ಮಾತ್ರೆಯಲ್ಲಿ ಇರೋದು ಕೆಲವು ನೂರು ಮಿಲಿಗ್ರಾಂ, ಅದೂ ಏಳೆಂಟು ಗಿಡಗಳ ನಡುವೆ ಹಂಚಿ.

ನಾಲ್ಕನೇದು ಹೀರಿಕೆ. ಅರಿಶಿನದ ಕರ್ಕ್ಯುಮಿನ್ ಇರಲಿ, ಸಿಲಿಬಿನಿನ್ ಇರಲಿ, ಬಾಯಿಂದ ತಗೊಂಡರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಟೆಸ್ಟ್ ಟ್ಯೂಬಿನಲ್ಲಿ ಹುಲಿ, ಹೊಟ್ಟೆಯಲ್ಲಿ ಇಲಿ.

ಐದನೇದು ಅಳತೆಗೋಲು. ಬಿಇ ಕೊನೇ ವರ್ಷದಲ್ಲಿ ನಮ್ಮ ಗುಂಪಿನ ಪ್ರಾಜೆಕ್ಟ್ ನೆಲನೆಲ್ಲಿಯ ಮೇಲೆಯೇ ಇತ್ತು. ಎಲೆ ಒಣಗಿಸಿ, ಮೆಥನಾಲಿನಲ್ಲಿ ಸಾರ ತೆಗೆದು, ಡಿಪಿಪಿಎಚ್ ಅನ್ನೋ ನೇರಳೆ ದ್ರಾವಣಕ್ಕೆ ಹಾಕಿದರೆ ಬಣ್ಣ ಹೋಗಿ ಹಳದಿಯಾಗುತ್ತೆ. ಅದೇ ಆಂಟಿ ಆಕ್ಸಿಡೆಂಟ್ ಶಕ್ತಿಗೆ ಸಾಕ್ಷಿ. ಸುಮ್ಮನೆ ಕುತೂಹಲಕ್ಕೆ ಕ್ಯಾಂಟೀನಿನ ಟೀ ಸೊಪ್ಪನ್ನೂ ಹಾಕಿ ನೋಡಿದೆವು. ಅದೂ ಬಣ್ಣ ತೆಗೆಯಿತು, ಚೆನ್ನಾಗಿಯೇ ತೆಗೆಯಿತು. ಬಣ್ಣ ಹೋಗುವುದಕ್ಕೂ ಮನುಷ್ಯ ಬದುಕುವುದಕ್ಕೂ ನಡುವೆ ಬಹಳ ದೂರ ಇದೆ. ಎಸ್‌ಜಿಪಿಟಿ ಇಳಿಯುವುದೂ ಅಷ್ಟೇ. ಸಿರೋಸಿಸ್ ಆದ ಎಷ್ಟೋ ಜನರಲ್ಲಿ ಎಸ್‌ಜಿಪಿಟಿ ನಾರ್ಮಲ್ ಇರುತ್ತೆ, ಯಾಕೆಂದರೆ ಸೋರೋಕೆ ಆರೋಗ್ಯವಾದ ಕೋಶಗಳೇ ಕಡಿಮೆ ಉಳಿದಿರುತ್ತವೆ.

ಮನುಷ್ಯರ ಮೇಲೆ ನೋಡಿದಾಗ

ಇಲಿ ಬಿಡಿ, ಮನುಷ್ಯರ ಮೇಲೆ ಟ್ರಯಲ್ ಆಗಿಲ್ವಾ? ಆಗಿದೆ. 1989ರಲ್ಲಿ ವಿಯೆನ್ನಾದವರು ಸಿರೋಸಿಸ್ ಇದ್ದ 170 ಜನರ ಮೇಲೆ ಸಿಲಿಮರಿನ್ ಪರೀಕ್ಷೆ ಪ್ರಕಟಿಸಿದರು. ನಾಲ್ಕು ವರ್ಷದ ನಂತರ ಔಷಧಿ ತಗೊಂಡವರಲ್ಲಿ ಶೇಕಡಾ 58 ಜನ ಬದುಕಿದ್ದರು, ಡಮ್ಮಿ ಮಾತ್ರೆ ತಗೊಂಡವರಲ್ಲಿ ಶೇಕಡಾ 39. ಬಹಳ ಭರವಸೆ ಹುಟ್ಟಿಸಿದ ಫಲಿತಾಂಶ. ಆದರೆ 1998ರಲ್ಲಿ ಸ್ಪೇನಿನಲ್ಲಿ, ಕುಡಿತದಿಂದಲೇ ಸಿರೋಸಿಸ್ ಬಂದ 200 ಜನರ ಮೇಲೆ ಮಾಡಿದ ಟ್ರಯಲ್‌ನಲ್ಲಿ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಕಾಕ್ರೇನ್ ಸಂಸ್ಥೆ 13 ಟ್ರಯಲ್‌ಗಳ 915 ರೋಗಿಗಳ ಮಾಹಿತಿ ಒಟ್ಟುಹಾಕಿ ನೋಡಿತು. ಸಾವು ತಪ್ಪಿಸುತ್ತೆ ಅನ್ನೋದಕ್ಕೆ ಖಚಿತ ಪುರಾವೆ ಸಿಗಲಿಲ್ಲ.

ನಮ್ಮ ಕಡೆಯ ಔಷಧಿಗಳ ಕತೆಯೂ ಇದೇ ದಾರಿಯದು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಹಸಿವಾಗಲಿ ಅಂತ ಕೊಡೋ ಲಿವ್ 52 ಮಾರುಕಟ್ಟೆಗೆ ಬಂದದ್ದು 1955ರಲ್ಲಿ. ಅದನ್ನು ಕುಡಿತದ ಲಿವರ್ ಕಾಯಿಲೆ ಇದ್ದವರ ಮೇಲೆ ಶ್ರೀಲಂಕಾದಲ್ಲಿ ಆರು ತಿಂಗಳು ಡಮ್ಮಿ ಮಾತ್ರೆಯ ಜೊತೆ ಹೋಲಿಸಿ ನೋಡಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಇರಲಿಲ್ಲ. ನೆಲನೆಲ್ಲಿಯ ವಿಷಯವಂತೂ ಇನ್ನೂ ರೋಚಕ. 1988ರಲ್ಲಿ ಮದ್ರಾಸಿನ ವಿಜ್ಞಾನಿಗಳು ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ 30 ದಿನ ನೆಲನೆಲ್ಲಿ ಕೊಟ್ಟು, 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಹೋಯಿತು ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಜಗತ್ತೇ ತಿರುಗಿ ನೋಡಿತು. ಆಮೇಲೆ ಬೇರೆ ಕಡೆ ಮಾಡಿದಾಗ ಆ ಫಲಿತಾಂಶ ಮತ್ತೆ ಬರಲಿಲ್ಲ. ವೈರಸ್ ಬೇರೆ, ಆಲ್ಕೋಹಾಲ್ ಬೇರೆ, ನಿಜ. ಆದರೆ ಒಂದು ಒಳ್ಳೇ ಫಲಿತಾಂಶದ ಮೇಲೆ ಊರು ಕಟ್ಟಬಾರದು ಅನ್ನೋ ಪಾಠ ಎರಡಕ್ಕೂ ಒಂದೇ.

"ಆಯ್ತು, ಉಪಯೋಗ ಇಲ್ಲದಿದ್ದರೂ ತೊಂದರೆಯಂತೂ ಇಲ್ವಲ್ಲ, ನ್ಯಾಚುರಲ್ ತಾನೇ?" ಅಂತ ಕೇಳೋರಿದ್ದಾರೆ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ಮನೆಮನೆಗೂ ಬಂತು. 2021ರಲ್ಲಿ ಮುಂಬೈ ವೈದ್ಯರು, 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು ಸೇರಿ, ಅಮೃತಬಳ್ಳಿ ಸೇವಿಸಿದ ಮೇಲೆ ಲಿವರ್ ಉರಿಯೂತ ಆದವರ ವರದಿ ಪ್ರಕಟಿಸಿದರು. ಎರಡನೇ ವರದಿಯಲ್ಲಿ 43 ಜನ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಚರ್ಚೆ ಇನ್ನೂ ಇದೆ. ಅಮೆರಿಕದಲ್ಲಿ ಅರಿಶಿನದ ಕ್ಯಾಪ್ಸೂಲ್‌ನಿಂದ, ಗ್ರೀನ್ ಟೀ ಸಾರದ ಮಾತ್ರೆಯಿಂದ ಲಿವರ್ ಕೆಟ್ಟ ಪ್ರಕರಣಗಳು ದಾಖಲಾಗಿವೆ. ಸಾರಿಗೆ ಹಾಕೋ ಚಿಟಿಕೆ ಅರಿಶಿನದ ವಿಷಯ ಅಲ್ಲ ಇದು, ಸಾಂದ್ರ ಮಾಡಿದ ಸಾರದ ವಿಷಯ. ಇನ್ನೊಂದು ತಮಾಷೆ ನೋಡಿ: ಲಿವರಿಗೆ ಅಂತ ಕೊಡೋ ಕುಮಾರ್ಯಾಸವದಂಥ ಆಸವ, ಅರಿಷ್ಟಗಳು ಹುದುಗಿಸಿ ಮಾಡಿದವು. ಅವುಗಳಲ್ಲೇ ಆಲ್ಕೋಹಾಲ್ ಇರುತ್ತೆ, ಹೆಚ್ಚುಕಡಿಮೆ ಬಿಯರ್‌ನಷ್ಟು ಗಟ್ಟಿಯಾಗಿ.

ಕಷಾಯ ಮತ್ತು ಎಣ್ಣೆ

ಇದೆಲ್ಲ ನನಗೆ ಬರೀ ಪೇಪರ್ ಓದೋ ವಿಷಯ ಅಲ್ಲ. ತಿಪಟೂರು ಕಡೆಯ ನನ್ನ ದೊಡ್ಡಮಾವ 46ನೇ ವಯಸ್ಸಿಗೆ ಹೋದರು. ತೆಂಗಿನ ತೋಟ, ಎರಡು ಹಸು, ಊರಿನ ಎಲ್ಲ ಮದುವೆಗೂ ಅಡಿಗೆಯ ಉಸ್ತುವಾರಿ. 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದ್ದರಂತೆ. ಮಾವ ಸಾರಾಯಿ ಬಿಟ್ಟರು, ಅಗ್ಗದ ವಿಸ್ಕಿ ಹಿಡಿದರು. ಯಾರೋ ಹೇಳಿದರು ಅಂತ ದಿನಾ ಬೆಳಗ್ಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಯೋರು. ಬೆಳಗ್ಗೆ ಕಷಾಯ, ಸಂಜೆ ಎಣ್ಣೆ. ಹೀಗೆ ವರ್ಷಗಳು ಕಳೆದವು. ಯಾರಾದರೂ ಬುದ್ಧಿ ಹೇಳಿದರೆ "ಮದ್ದು ತಗೋತಿದೀನಲ್ಲ" ಅನ್ನೋರು. ಮನೆಯವರಿಗೂ ಅದೇ ಸಮಾಧಾನ. ಕಣ್ಣು ಹಳದಿಯಾದಾಗ ಕಾಮಾಲೆ ಅಂತ ಇನ್ನೊಂದು ಕಡೆಯ ಮದ್ದು, ಜೊತೆಗೆ ಉಪ್ಪು, ಎಣ್ಣೆ, ಬೇಳೆ ಎಲ್ಲ ಬಿಟ್ಟು ಗಂಜಿಯ ಪಥ್ಯ. ಮೂರು ವಾರ. ಹೊಟ್ಟೆಯಲ್ಲಿ ನೀರು ತುಂಬಿ ಆಸ್ಪತ್ರೆಗೆ ಬಂದಾಗ ಡಾಕ್ಟರ್‌ಗಳ ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ಮದ್ದು ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಅವರು ದುಡ್ಡೂ ತಗೊಳ್ಳಲಿಲ್ಲ. ಅವರು ಕೊಟ್ಟ ಮದ್ದಿನಿಂದ ಕಾಮಾಲೆ ವಾಸಿಯಾದ ನೂರು ಜನರನ್ನು ಅವರು ಕಣ್ಣಾರೆ ಕಂಡಿದ್ದಾರೆ. ಅದಕ್ಕೆ ಕಾರಣ ಇದೆ. ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೂ ಯುವಕರಿಗೂ ಬರೋ ಕಾಮಾಲೆಯಲ್ಲಿ ಹೆಚ್ಚಿನದು ಕೆಟ್ಟ ನೀರಿನಿಂದ ಬರೋ ವೈರಸ್ ಹೆಪಟೈಟಿಸ್. ಅದು ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತೆ. ಆ ವಾರಗಳಲ್ಲಿ ಏನು ಕುಡಿಸಿದರೂ ಹೆಸರು ಅದಕ್ಕೇ. ಕಾಮಾಲೆ ಅನ್ನೋದು ಒಂದು ಕಾಯಿಲೆ ಅಲ್ಲ, ಒಂದು ಲಕ್ಷಣ. ಕಣ್ಣು ಹಳದಿಯಾಗೋದು ನೀರಿನ ವೈರಸ್ಸಿಂದಲೂ ಆಗುತ್ತೆ, ಪಿತ್ತಕೋಶದ ಕಲ್ಲಿನಿಂದಲೂ ಆಗುತ್ತೆ, ಕುಡಿತದಿಂದ ಸೋತ ಲಿವರಿಂದಲೂ ಆಗುತ್ತೆ. ಮೊದಲನೆಯದರಲ್ಲಿ ಮೂರು ವಾರ ಕಾಯಬಹುದು, ಕೊನೆಯದರಲ್ಲಿ ಆ ಮೂರು ವಾರವೇ ಜೀವ. ಅದೂ ಅಲ್ಲದೆ ಕುಡಿತದಿಂದ ಲಿವರ್ ಕೆಟ್ಟವರಿಗೆ ಬೇಕಾಗಿರೋದು ಚೆನ್ನಾಗಿ ಪ್ರೋಟೀನ್ ಇರುವ ಊಟ, ಕೆ.ಜಿ. ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ. ಬೇಳೆ ಬಿಡಿಸೋ ಗಂಜಿ ಪಥ್ಯ ಅದಕ್ಕೆ ಪೂರ್ತಿ ಉಲ್ಟಾ. ಆ ಪಥ್ಯದಲ್ಲಿ ಉಳಿಸಿಕೊಳ್ಳಬೇಕಾದ ಮಾತು ಒಂದೇ: ಕುಡಿಯಬಾರದು ಅನ್ನೋದು. ಅದನ್ನು ಪಾಲಿಸಿ ಚೇತರಿಸಿಕೊಂಡವರೂ ಹೊಗಳಿದ್ದು ಎಲೆಯನ್ನೇ.

ಮಾತ್ರೆ ಬದಲಾಯಿಸುವುದು ತಲೆಯನ್ನು

ನನ್ನ ಮುಖ್ಯ ವಾದ ಇಷ್ಟು. ಲಿವರ್ ಮಾತ್ರೆ ಲಿವರಿಗಿಂತ ಮೊದಲು ನಮ್ಮ ತಲೆಯ ಮೇಲೆ ಕೆಲಸ ಮಾಡುತ್ತೆ. 2011ರಲ್ಲಿ ಪ್ರಕಟವಾದ ತೈವಾನಿನ ಒಂದು ಪ್ರಯೋಗದಲ್ಲಿ ಸಿಗರೇಟ್ ಸೇದೋರಿಗೆಲ್ಲ ಡಮ್ಮಿ ಮಾತ್ರೆ ಕೊಟ್ಟರು. ಅರ್ಧ ಜನಕ್ಕೆ "ಇದು ವಿಟಮಿನ್" ಅಂತ ಹೇಳಿದರು. ವಿಟಮಿನ್ ತಗೊಂಡೆವು ಅಂದುಕೊಂಡವರು ಹೆಚ್ಚು ಸಿಗರೇಟ್ ಸೇದಿದರು. ನಮ್ಮ ಶುಕ್ರವಾರದ ಎರಡು ಮಾತ್ರೆ ಮಾಡೋದೂ ಅದನ್ನೇ ಅಂತ ನನ್ನ ಅನುಮಾನ. ಮೂರನೇ ಬಿಯರ್‌ಗೆ ಸಾಕು ಅನ್ನೋ ಒಳಗಿನ ದನಿ ಇರುತ್ತಲ್ಲ, ಮಾತ್ರೆ ಅದನ್ನು ಮಲಗಿಸುತ್ತೆ. ಡಬ್ಬಿಯ ಬೆಲೆ ಹತ್ತು ಯುರೋ ಅಲ್ಲ, ಆ ದನಿ.

"ನೀನು ಇಂಗ್ಲಿಷ್ ಔಷಧಿಯವರ ಪರ, ನಮ್ಮ ಆಯುರ್ವೇದಕ್ಕೆ ಅವಮಾನ ಮಾಡ್ತಿದೀಯ" ಅಂತ ಒಬ್ಬ ಗೆಳೆಯ ಈ ಬರಹದ ಕರಡು ಓದಿ ಹೇಳಿದ. ಅವನಿಗೆ ನನ್ನ ಉತ್ತರ: ಮಾರ್ಫಿನ್ ಗಸಗಸೆ ಗಿಡದಿಂದ ಬಂತು, ಅದನ್ನು ಬೇರ್ಪಡಿಸಿದ್ದು ಇದೇ ಜರ್ಮನಿಯ ಒಬ್ಬ ಯುವ ಔಷಧಿ ತಯಾರಕ, 19ನೇ ಶತಮಾನದ ಶುರುವಿನಲ್ಲಿ. ಚೀನಾದ ಹಳೇ ವೈದ್ಯಗ್ರಂಥದ ಸುಳಿವು ಹಿಡಿದು ತು ಯುಯು ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಹುಡುಕಿದರು, 2015ರಲ್ಲಿ ನೊಬೆಲ್ ಬಂತು. ಅವರು ಗಿಡವನ್ನು ನಂಬಿ ಸುಮ್ಮನೆ ಕೂರಲಿಲ್ಲ. ಯಾವ ಭಾಗ, ಯಾವ ದ್ರಾವಕ, ಯಾವ ಉಷ್ಣತೆ, ಎಷ್ಟು ಡೋಸ್ ಅಂತ ಹುಡುಕಿದರು. ಗಿಡಕ್ಕೆ ನಾವು ಕೊಡಬಹುದಾದ ದೊಡ್ಡ ಮರ್ಯಾದೆ ಅಂದರೆ ಅದನ್ನು ಸರಿಯಾಗಿ ಪರೀಕ್ಷೆ ಮಾಡೋದು. ಇನ್ನು ಆಯುರ್ವೇದದ ಮಾತು: ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಕುಡಿತದ ಕಾಯಿಲೆಗೇ, ಮದಾತ್ಯಯಕ್ಕೇ, ಒಂದು ಪೂರ್ತಿ ಅಧ್ಯಾಯ ಇದೆ. ಅಂದರೆ ಕುಡಿತವೇ ಚಿಕಿತ್ಸೆ ಬೇಕಾದ ಕಾಯಿಲೆ ಅಂತ ಅವರಿಗೂ ಗೊತ್ತಿತ್ತು. ಅವಮಾನ ಮಾಡ್ತಿರೋದು ಆ ಶಾಸ್ತ್ರವನ್ನು ಬಾರ್ ಬಿಲ್ಲಿಗೆ ಕೂಪನ್ ಮಾಡಿಕೊಂಡಿರೋ ನಾವು.

ಹಾಗಾದರೆ ಏನು ಮಾಡೋಣ

ಕುಡಿಯಲೇಬೇಡಿ ಅಂತ ಉಪದೇಶ ಮಾಡೋ ವಯಸ್ಸು ನನ್ನದಲ್ಲ. ಆದರೆ ಗೊತ್ತಿದ್ದು ಮಾಡೋಣ. ಸುರಕ್ಷಿತ ಅನ್ನಬಹುದಾದ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಬಿಯರ್ ದೇಶದ್ದೇ ಆದ ಜರ್ಮನ್ ಪೌಷ್ಟಿಕಾಂಶ ಸಂಘ ಕೂಡ 2024ರಲ್ಲಿ, ಕುಡಿಯದೆ ಇರುವುದೇ ಒಳ್ಳೆಯದು ಅನ್ನೋ ನಿಲುವಿಗೆ ಬಂತು.

ಕುಡಿಯೋದಾದರೆ ಗ್ರಾಂ ಲೆಕ್ಕ ಇಡಿ, ಮಾತ್ರೆ ಲೆಕ್ಕ ಅಲ್ಲ. ಕುಡಿದ ಮಾರನೇ ದಿನ ತಲೆನೋವಿಗೆ ಅಂತ ಪ್ಯಾರಸಿಟಮಾಲ್ ಮೇಲೆ ಪ್ಯಾರಸಿಟಮಾಲ್ ನುಂಗಬೇಡಿ. ಅದನ್ನೂ ವಿಷವಾಗಿಸೋದು ಅದೇ ಸಿ.ವೈ.ಪಿ. 2ಇ1, ಆರಿಸೋಕೆ ಬೇಕಾಗೋದು ಅದೇ ಗ್ಲುಟಥಯೋನ್. ಅನುಮಾನ ಇದ್ದರೆ ನಿಮ್ಮ ಹೌಸಾರ್ಟ್ಸ್ಟ್ ಹತ್ತಿರ ಹೋಗಿ ಎಷ್ಟು ಕುಡೀತೀರಿ ಅಂತ ನಿಜ ಹೇಳಿ. ಅವರು ಅದನ್ನು ನಿಮ್ಮ ಅಪ್ಪ ಅಮ್ಮನಿಗೆ ಹೇಳಲ್ಲ, ಯೂನಿವರ್ಸಿಟಿಗೂ ಹೇಳಲ್ಲ. ಕುಡಿಯದೆ ಇರೋಕೆ ಆಗ್ತಿಲ್ಲ ಅನ್ನೋರಿಗೆ ಇಲ್ಲಿ ಸುಖ್ಟ್‌ಬೆರಾಟುಂಗ್ ಅನ್ನೋ ವ್ಯಸನ ಸಲಹಾ ಕೇಂದ್ರಗಳಿವೆ, ದುಡ್ಡು ಕೊಡಬೇಕಿಲ್ಲ. ಊರಿನಲ್ಲಿ ಮನೆಯವರಿಗೆ ಬೇಕಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ಒಂದು ಎಚ್ಚರಿಕೆ: ವರ್ಷಗಟ್ಟಲೆ ದಿನಾ ಹೆಚ್ಚು ಕುಡಿಯುವವರು ಡಾಕ್ಟರ್ ಇಲ್ಲದೆ ಒಂದೇ ದಿನಕ್ಕೆ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ.

ಗಿಡದ ಸಾರವೇ ಬೇಕು ಅನ್ನೋರಿಗೆ ಒಂದು ಸಮಾಧಾನ: ಫಿಲ್ಟರ್ ಕಾಫಿ. ಅಮೆರಿಕದಲ್ಲಿ 1.25 ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಫಿ ಕುಡಿಯುವವರಿಗೆ ಕುಡಿತದ ಸಿರೋಸಿಸ್ ಬರೋದು ಕಡಿಮೆ ಅಂತ ಕಂಡಿತ್ತು. ಬೇರೆ ಅಧ್ಯಯನಗಳೂ ಅದೇ ದಿಕ್ಕು ತೋರಿಸಿವೆ. ಇದೂ ಬರೀ ಸಂಬಂಧ, ರಕ್ಷಣೆಯ ಗ್ಯಾರಂಟಿ ಅಲ್ಲ. ಆದರೆ ಚಿಕ್ಕಮಗಳೂರಿನ ಪುಡಿ ತರಿಸೋದಕ್ಕೆ ನೆಪವಂತೂ ಆಯ್ತು.

ಸಂಘದ ಕಾರ್ಯಕ್ರಮಗಳ ಬಗ್ಗೆ ಒಂದು ಮಾತು. ಜರ್ಮನಿಯ ಹೋಟೆಲ್ ಕಾನೂನಿನಲ್ಲಿ, ಕನಿಷ್ಠ ಒಂದು ಆಲ್ಕೋಹಾಲ್ ರಹಿತ ಪಾನೀಯ ಅತಿ ಅಗ್ಗದ ಆಲ್ಕೋಹಾಲ್ ಪಾನೀಯಕ್ಕಿಂತ ದುಬಾರಿ ಇರಬಾರದು ಅಂತ ನಿಯಮ ಇದೆ. ಜನ ಅದನ್ನು ಪ್ರೀತಿಯಿಂದ ಆಪಲ್ ಜ್ಯೂಸ್ ಕಲಂ ಅಂತ ಕರೀತಾರೆ. ನಮಗೂ ಅಂಥದ್ದೊಂದು ಬೇಕು. ಯುಗಾದಿ ಇರಲಿ, ರಾಜ್ಯೋತ್ಸವ ಇರಲಿ, ಆಮೇಲಿನ ಪಾರ್ಟಿಯಲ್ಲಿ ಪಾನಕ, ಮಜ್ಜಿಗೆ, ಜ್ಯೂಸ್ ಮುಂದಿನ ಸಾಲಿನಲ್ಲಿರಲಿ. ಬೇಡ ಅಂದವರನ್ನು "ಒಂದೇ ಒಂದು ಮಗಾ" ಅಂತ ಎರಡನೇ ಸಲ ಕೇಳೋದು ಬೇಡ. ಹೊಸದಾಗಿ ಬಂದ ಇಪ್ಪತ್ತೆರಡರ ಹುಡುಗ ಹುಡುಗಿಯರಿಗೆ ಒಂಟಿತನ ಇರುತ್ತೆ, ಗುಂಪಿಗೆ ಸೇರೋ ಆಸೆ ಇರುತ್ತೆ. ಗುಂಪಿನ ಟಿಕೆಟ್ ಗ್ಲಾಸ್ ಆಗಬಾರದು.

ಕೊನೆಗೆ, ನಮ್ಮಲ್ಲೇ ಫಾರ್ಮಸಿ, ಬಯೋಟೆಕ್, ಡೇಟಾ ಸೈನ್ಸ್ ಓದ್ತಿರೋರು ಬಹಳ ಜನ ಇದ್ದೀರಿ. ನೆಲನೆಲ್ಲಿಗೂ ಕಟುಕರೋಹಿಣಿಗೂ ಇನ್ನೂರನೇ ಇಲಿ ಪೇಪರ್ ಬೇಡ. ಬೇಕಾಗಿರೋದು ಯಾವ ಪ್ರಭೇದ, ಎಷ್ಟು ಸತ್ವ ಅಂತ ಗೊತ್ತಿರೋ ಒಂದು ಸಾರ, ಸಾಕಷ್ಟು ರೋಗಿಗಳು, ಡಮ್ಮಿ ಮಾತ್ರೆಯ ಜೊತೆ ಹೋಲಿಕೆ, ಮತ್ತೆ ಎಸ್‌ಜಿಪಿಟಿ ಬದಲು ಎಷ್ಟು ಜನ ಬದುಕಿದರು ಅನ್ನೋ ಲೆಕ್ಕ. ಗೆದ್ದರೂ ಸೋತರೂ ಪ್ರಕಟಿಸೋ ಧೈರ್ಯ. ಅಂಥ ಟ್ರಯಲ್ ಮಾಡೋರು ನಮ್ಮೊಳಗಿಂದಲೇ ಬರಲಿ. ಫಲಿತಾಂಶ ಬರೋವರೆಗೆ ಲಿವರಿಗೆ ಗೊತ್ತಿರೋ ಮದ್ದು ಒಂದೇ, ಅದು ಯಾವ ಡಬ್ಬಿಯಲ್ಲೂ ಸಿಗಲ್ಲ: ಗ್ಲಾಸ್ ಕೆಳಗಿಡೋದು.